ಬೆನ್ನು ನೋಡಿ ಹೆಸರಿಡಬೇಡ

ಬೆನ್ನಿನ ಬಣ್ಣ ನೋಡಿ ನೊಣಕ್ಕೆ ಹೆಸರಿಡಬೇಡ ಪುಟ್ಟಿ. ಶ್ರೀನಿವಾಸಪುರದ ಮಾವಿನ ತೋಟದ ಬಲೆಯಿಂದ ತೆಗೆದ ನೊಣಗಳ ಫೋಟೋ ಕಳಿಸಿ, "ದೊಡ್ಡಪ್ಪ, ಕಪ್ಪಗಿರೋದು ಡಾರ್ಸಾಲಿಸ್, ಕೆಂಪಗಿರೋದು ಜೊನೇಟಾ, ಸರಿ ತಾನೆ?" ಅಂತ ಕೇಳಿದ್ದೀಯ. ಅರ್ಧ ಸರಿ. ನಮ್ಮ ಕೆಲಸದಲ್ಲಿ ಕಷ್ಟ ಕೊಡುವುದು ಈ ಅರ್ಧ ಸರಿಯೇ. ಪೂರ್ತಿ ತಪ್ಪು ಬರೆದರೆ ಯಾರಾದರೂ ಹಿಡಿದು ತಿದ್ದುತ್ತಾರೆ. ಅರ್ಧ ಸರಿಯಾದದ್ದು ರಿಜಿಸ್ಟರಿನಲ್ಲಿ ವರ್ಷಗಟ್ಟಲೆ ಹಾಯಾಗಿ ಕೂತಿರುತ್ತದೆ.

ನೀನು ತೆಗೆದಿರುವುದು ಮೇಲಿನಿಂದ ತೆಗೆದ ಫೋಟೋ. ಬೆನ್ನು ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ. ರೆಕ್ಕೆ ಮಡಚಿಕೊಂಡಿವೆ, ಮುಖ ಕೆಳಗಾಗಿದೆ, ಕಾಲು ಮುದುರಿವೆ. ಇನ್ನು ಮುಂದೆ ಒಂದೊಂದು ನೊಣಕ್ಕೂ ಮೂರು ಫೋಟೋ ತೆಗಿ: ಮುಖ ಎದುರಿಗೆ, ರೆಕ್ಕೆ ಬಿಡಿಸಿ, ಕಾಲು ಪಕ್ಕದಿಂದ. ಬೆನ್ನಿನದು ಬೇಕಿದ್ದರೆ ನಾಲ್ಕನೆಯದು. ಮೊಬೈಲಿನ ಆ್ಯಪ್ ಹೆಸರು ಹೇಳುತ್ತದೆ ಅಂತ ನಿನ್ನ ಜೊತೆಯವರು ಹೇಳಬಹುದು. ಅದಕ್ಕೂ ನೀನು ಕೊಡುವುದು ಬೆನ್ನಿನ ಫೋಟೋನೇ ತಾನೆ?

ಮೊದಲು ಇದು ನಾವು ಹುಡುಕುವ ನೊಣ ಹೌದೋ ಅಲ್ಲವೋ ಅನ್ನುವುದನ್ನು ಖಾತ್ರಿ ಮಾಡಿಕೋ. ನಮ್ಮ ಕಡೆ ರೈತರು ಮಾವಿನ ಕಾಯಿ ಕೊಳೆಸುವುದನ್ನೂ ಊಜಿ ಅಂತಾರೆ, ರೇಷ್ಮೆ ಹುಳು ಕೊಲ್ಲುವುದನ್ನೂ ಊಜಿ ಅಂತಾರೆ. ರೇಷ್ಮೆಯ ಊಜಿ ಬೇರೆ ಕುಟುಂಬದ್ದು, ಮೈತುಂಬ ಬಿರುಗೂದಲಿರುವ ಬೂದು ಬಣ್ಣದ ದಪ್ಪ ನೊಣ. ಇನ್ನು ಕಾಲೇಜಿನ ಪುಸ್ತಕದಲ್ಲಿ ಹಣ್ಣಿನ ನೊಣ ಅಂತ ಬರುವ ಡ್ರಾಸೊಫಿಲಾ, ಮನೆಯ ಬಾಳೆಹಣ್ಣು ಮಾಗಿದಾಗ ಸುತ್ತುವ ಪುಟಾಣಿ, 3 ಮಿಲಿಮೀಟರ್ ಕೂಡ ಇರುವುದಿಲ್ಲ. ನಮ್ಮದು 6ರಿಂದ 8 ಮಿಲಿಮೀಟರ್ ಉದ್ದ, ನೋಡಿದರೆ ಸಣ್ಣ ಕಡಜ ಅನ್ನಬೇಕು, ಎದೆಯ ಮೇಲೆ ಹಳದಿ ಗುರುತುಗಳು, ಮರದಲ್ಲಿರುವ ಗಟ್ಟಿ ಕಾಯಿಗೇ ಸಿಪ್ಪೆ ಚುಚ್ಚಿ ಮೊಟ್ಟೆ ಇಡುವ ಜಾತಿ. ಇದು ಬ್ಯಾಕ್ಟ್ರೊಸೆರಾ ಬಳಗ.

ಮಾವಿನ ತೋಟದ ಮೋಹಕ ಬಲೆಯಲ್ಲಿ ಈ ಬಳಗದ ಮೂರು ಜಾತಿ ಒಟ್ಟಿಗೇ ಬೀಳುತ್ತವೆ: ಡಾರ್ಸಾಲಿಸ್, ಜೊನೇಟಾ, ಕರೆಕ್ಟಾ. ಒಂದೇ ಬಲೆಯಲ್ಲಿ ಸಿಕ್ಕವು ಅನ್ನುವುದರಿಂದ ಜಾತಿ ಗೊತ್ತಾಗುವುದಿಲ್ಲ, ಯಾಕೆಂದರೆ ಬಲೆಯೊಳಗಿನ ಪ್ಲೈವುಡ್ ತುಂಡಿಗೆ ನೆನೆಸಿರುವ ಮೀಥೈಲ್ ಯೂಜಿನಾಲ್ ಮೂರರ ಗಂಡುಗಳನ್ನೂ ಎಳೆಯುತ್ತದೆ. ಈ ಗುಟ್ಟು ಹೊರಬಿದ್ದದ್ದು ನಮ್ಮ ದೇಶದಲ್ಲೇ. ಬಿಹಾರದ ಪುಸಾದಲ್ಲಿದ್ದ ಹೌಲೆಟ್ ಅನ್ನುವ ಕೀಟತಜ್ಞ, ಸೊಳ್ಳೆ ಬರದಿರಲಿ ಅಂತ ನೆರೆಯವರು ಹಚ್ಚಿಕೊಂಡ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣಿನ ನೊಣ ಮುತ್ತುವುದನ್ನು ಗಮನಿಸಿ 1912ರಲ್ಲಿ ಬರೆದ. ಎಣ್ಣೆಯಲ್ಲಿ ನೊಣ ಕರೆಯುವುದು ಮೀಥೈಲ್ ಯೂಜಿನಾಲ್ ಅಂತ 1915ರಲ್ಲಿ ತೋರಿಸಿದ. ತುಳಸಿಯಲ್ಲೂ ಅದೇ ವಸ್ತು ಇದೆ. ಅಂಗಳದ ತುಳಸಿ ಎಲೆ ಹಿಸುಕಿ ತೋಟದಲ್ಲಿಟ್ಟರೆ ಗಂಡು ನೊಣ ಹುಡುಕಿಕೊಂಡು ಬರುತ್ತವೆ, ಬೇಕಾದರೆ ಮಾಡಿ ನೋಡು.

ಈಗ ಗುರುತಿನ ವಿಷಯ. ನನ್ನ ಕ್ರಮ ರೆಕ್ಕೆಯಿಂದ ಶುರುವಾಗುತ್ತದೆ. ಬಹಳ ಪುಸ್ತಕಗಳಲ್ಲಿ ಹೀಗಿರುವುದಿಲ್ಲ, ತಲೆಯಿಂದ ಶುರು ಮಾಡಿ ಬಾಲದವರೆಗೆ ಬರುತ್ತಾರೆ. ಅದು ವರ್ಣನೆಗೆ ಸರಿ. ಬಲೆಯಿಂದ ತೆಗೆದ ರಾಶಿಯನ್ನು ಮೇಜಿನ ಮೇಲೆ ಹರವಿಕೊಂಡು ಕೂತವಳಿಗೆ ರೆಕ್ಕೆಯೇ ಬೇಗ ದಾರಿ ತೋರಿಸುತ್ತದೆ. ರೆಕ್ಕೆಯನ್ನು ಚಿಮಟದಿಂದ ಬಿಡಿಸಿ ಕೆಳಗೆ ಬಿಳಿ ಕಾಗದ ಇಡು, ಇಲ್ಲದಿದ್ದರೆ ಪಟ್ಟೆ ಸರಿಯಾಗಿ ಕಾಣುವುದಿಲ್ಲ. ಮುಂದಿನ ಅಂಚಿನುದ್ದಕ್ಕೂ ಪಂಚೆಯ ಅಂಚಿನ ಹಾಗೆ ಸಣ್ಣ ಕಂದು ಪಟ್ಟೆ ಎಲ್ಲೂ ಕಡಿಯದೆ ರೆಕ್ಕೆಯ ತುದಿಯವರೆಗೆ ಹೋಗಿದ್ದರೆ ಅದು ಡಾರ್ಸಾಲಿಸ್ ಕಡೆಯದು. ಪಟ್ಟೆ ನಡುವೆ ನಿಂತುಹೋಗಿ, ತುದಿಯಲ್ಲಿ ಮಾತ್ರ ಪುಟ್ಟ ಕಂದು ಚುಕ್ಕೆ ಉಳಿದಿದ್ದರೆ ಜೊನೇಟಾ ಇಲ್ಲವೇ ಕರೆಕ್ಟಾ. ರಾಶಿಯನ್ನು ಮೊದಲು ಹೀಗೆ ಎರಡು ಮಾಡು. ಹತ್ತು ಪಟ್ಟು ದೊಡ್ಡದು ಮಾಡುವ ಕೈಗನ್ನಡಿ ಇದ್ದರೆ ಸಾಕು, ಮೈಕ್ರೋಸ್ಕೋಪ್ ಇನ್ನೂ ಬೇಡ.

ತುದಿಚುಕ್ಕೆಯ ಗುಂಪನ್ನು ಒಡೆಯುವುದು ಮುಖ. ನೊಣವನ್ನು ಎದುರಿನಿಂದ ನೋಡು. ಮೀಸೆಗಳ ಕೆಳಗೆ, ಬಾಯಿಯ ಮೇಲುಗಡೆ, ಎಡಕ್ಕೊಂದು ಬಲಕ್ಕೊಂದು ಕಪ್ಪು ಗುರುತಿರುತ್ತದೆ. ಜೊನೇಟಾದಲ್ಲಿ ಅವು ಒಂದಕ್ಕೊಂದು ದೂರ ನಿಂತ ಎರಡು ಮೊಟ್ಟೆಯಾಕಾರದ ಚುಕ್ಕೆಗಳು. ಕರೆಕ್ಟಾದಲ್ಲಿ ಅವೇ ಅಡ್ಡಕ್ಕೆ ಎಳೆದುಕೊಂಡು ನಡುವೆ ಇನ್ನೇನು ಕೂಡಿಯೇಬಿಡುತ್ತವೆ ಅನ್ನುವಷ್ಟು ಹತ್ತಿರ ಬಂದಿರುತ್ತವೆ, ಸಣ್ಣ ಕನ್ನಡಿಯಲ್ಲಿ ಒಂದೇ ಅಡ್ಡಗೀರು ಅನ್ನಿಸುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡರೆ ಮತ್ತೆ ಮರೆಯುವುದಿಲ್ಲ. ನನ್ನ ಕೈಕೆಳಗೆ ಕಲಿತ ಹುಡುಗರಿಗೆಲ್ಲ ನಾನು ಮೊದಲು ತೋರಿಸುತ್ತಿದ್ದದ್ದು ಕರೆಕ್ಟಾದ ಮುಖವನ್ನೇ, ಯಾಕೆಂದರೆ ಅದನ್ನು ಕಂಡ ದಿನದಿಂದ ಅವರು ನೊಣವನ್ನು ತಿರುಗಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದರು.

ಬೆನ್ನಿಗೆ ಬರುವುದು ಇದಾದ ಮೇಲೆ. ಜೊನೇಟಾದ ಬೆನ್ನು ಕೆಂಗಂದು, ಕರೆಕ್ಟಾದ್ದು ಹೆಚ್ಚಾಗಿ ಕಪ್ಪು. ನಿನ್ನ ಫೋಟೋದಲ್ಲಿ ಕಪ್ಪಗಿರುವುದನ್ನೆಲ್ಲ ನೀನು ಡಾರ್ಸಾಲಿಸ್‌ಗೆ ಸೇರಿಸಿದ್ದೀಯಲ್ಲ, ಅದರಲ್ಲಿ ಕರೆಕ್ಟಾ ಎಷ್ಟು ಅಡಗಿವೆಯೋ ರೆಕ್ಕೆ ಬಿಡಿಸದೆ ಹೇಳಲಾಗದು. ಹೊಟ್ಟೆಯ ಮೇಲಿನ ಟಿ ಆಕಾರದ ಕಪ್ಪು ಗುರುತನ್ನೂ ಬಹಳ ಜನ ನೆಚ್ಚಿಕೊಳ್ಳುತ್ತಾರೆ. ಡಾರ್ಸಾಲಿಸ್‌ನಲ್ಲಿ ಅದು ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಒಂದರಲ್ಲಿ ದಪ್ಪ, ಒಂದರಲ್ಲಿ ತೆಳು, ಕರೆಕ್ಟಾದಲ್ಲೂ ಉಂಟು. ಟಿ ನೋಡಿದೆ ಅಂತ ಸಂತೋಷಪಡು, ಅದರ ಮೇಲೆ ಸಹಿ ಹಾಕಬೇಡ.

ಇಷ್ಟಕ್ಕೇ ನಿಲ್ಲಿಸಿದರೆ ಇನ್ನೊಂದು ನೊಣ ನಿನ್ನನ್ನು ಏಮಾರಿಸುತ್ತದೆ. ಅದರ ಹೆಸರು ಕ್ಯಾರಿಯೇ. 1971ರಲ್ಲಿ ಕಪೂರ್ ಅನ್ನುವವರು ಹೆಸರಿಟ್ಟರು. ದಕ್ಷಿಣ ಭಾರತದ್ದು, ನಮ್ಮ ರಾಜ್ಯದಲ್ಲೂ ಇದೆ, ಇದೇ ಮೀಥೈಲ್ ಯೂಜಿನಾಲ್ ಬಲೆಗೆ ಬೀಳುತ್ತದೆ. ಬೆನ್ನು ಕಪ್ಪು. ರೆಕ್ಕೆಯ ಪಟ್ಟೆ ಕಡಿಯುವುದಿಲ್ಲ. ಮುಖದಲ್ಲಿ ಬೇರೆ ಬೇರೆ ನಿಂತ ಎರಡು ಚುಕ್ಕೆ. ನಾನು ಇಲ್ಲಿಯವರೆಗೆ ಹೇಳಿದ ಎಲ್ಲ ಪರೀಕ್ಷೆಯಲ್ಲೂ ಡಾರ್ಸಾಲಿಸ್ ಅಂತಲೇ ಪಾಸಾಗುತ್ತದೆ. ಅದಕ್ಕೇ ಕಾಲು ನೋಡಬೇಕು ಅನ್ನುವುದು. ಡಾರ್ಸಾಲಿಸ್‌ನ ತೊಡೆಗಳು ಒಂದೇ ಸಮ ಹಳದಿಗಂದು. ಕ್ಯಾರಿಯೇಯ ತೊಡೆಗಳ ಮೇಲೆ, ಮಂಡಿಯ ಕಡೆಗೆ, ದೊಡ್ಡ ಕಪ್ಪು ಕಲೆ ಇರುತ್ತದೆ. ಮುಂಗಾಲಿನಲ್ಲಿ ಹೊರಮೈಗೆ, ಹಿಂದಿನ ಎರಡು ಜೊತೆಯಲ್ಲಿ ಒಳಮೈಗೆ. ಒಳಮೈ ಅಂದೆನಲ್ಲ, ಕಾಲು ಮುದುರಿ ಒಣಗಿದ ನೊಣದಲ್ಲಿ ಅದು ಕಾಣುವುದೇ ಇಲ್ಲ. ಒಣಗುವ ಮೊದಲೇ ಕಾಲುಗಳನ್ನು ಸೂಜಿಯ ತುದಿಯಿಂದ ಬಿಡಿಸಿಡಬೇಕು. ಡಾರ್ಸಾಲಿಸ್ ಅಂತ ಬರೆದಿಟ್ಟ ಹಳೇ ಡಬ್ಬಿಗಳನ್ನು ಈ ಕಣ್ಣಿನಿಂದ ಮತ್ತೆ ನೋಡಿದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡವರ ಕೈಬರಹ ಇದೆ ಅಂತ ಹಿಂಜರಿಯಬೇಡ.

ತರಕಾರಿ ತೋಟದ ಬಲೆಗೆ ಬೇರೆ ಮದ್ದು, ಕ್ಯೂ ಲ್ಯೂರ್. ಅಲ್ಲಿ ಬೀಳುವುದು ಹಾಗಲ, ಹೀರೆ, ಸೌತೆ ತಿನ್ನುವ ಕುಕುರ್ಬಿಟೇ ಮತ್ತು ಅದರ ನೆಂಟ ಟೌ. ಇವು ಸುಲಭ. ಬೆನ್ನಿನ ಎರಡು ಪಕ್ಕದ ಹಳದಿ ಪಟ್ಟಿಗಳ ಜೊತೆಗೆ ನಡುವೆ ಮೂರನೆಯದೊಂದು ಇರುತ್ತದೆ, ಮಾವಿನ ನೊಣಗಳಲ್ಲಿ ಅದಿಲ್ಲ. ಕುಕುರ್ಬಿಟೇಯ ರೆಕ್ಕೆಯಲ್ಲಿ ಅಡ್ಡನರದ ಮೇಲೂ ಕಂದು ಮಸಿ ಬಳಿದಂತಿರುತ್ತದೆ. ಬೆನ್ನಿನ ಕೊನೆಯ ಹಳದಿ ತ್ರಿಕೋನದ ಅಂಚಿನಲ್ಲಿ ಟೌಗೆ ನಾಲ್ಕು ಬಿರುಗೂದಲು, ಕುಕುರ್ಬಿಟೇಗೆ ಸಾಮಾನ್ಯವಾಗಿ ಎರಡು. ಸಾಮಾನ್ಯವಾಗಿ ಅಂದಿದ್ದೇನೆ, ಗಮನಿಸು. ಹಳದಿ ಪಟ್ಟಿ ಒಂದೂ ಇಲ್ಲದ ನೊಣ ಹಾಗಲ ಬಳ್ಳಿಯಲ್ಲಿ ಸಿಕ್ಕರೆ ಅದು ಡಾಕಸ್ ಸಿಲಿಯೇಟಸ್ ಇರಬಹುದು, ಬಲೆಗೆ ಬರುವ ಪೈಕಿ ಅಲ್ಲ ಅದು.

ಬಣ್ಣವನ್ನು ಯಾಕೆ ಇಷ್ಟು ದೂರ ಇಡುತ್ತೇನೆ ಅಂತ ನಿನಗೆ ಅನ್ನಿಸಬಹುದು. ಒಂದು ನಡೆದ ಕತೆ ಹೇಳುತ್ತೇನೆ. 2003ರಲ್ಲಿ ಕೀನ್ಯಾದಲ್ಲಿ, ಆಫ್ರಿಕಾಕ್ಕೆ ಹೊಸದಾದ ಒಂದು ಹಣ್ಣಿನ ನೊಣ ಕಂಡಿತು. ಮಾವಿನ ಕಾಯಿಯನ್ನು ಹಾಳು ಮಾಡುತ್ತಾ ದೇಶದಿಂದ ದೇಶಕ್ಕೆ ಹರಡಿತು. ಡಾರ್ಸಾಲಿಸ್‌ನ ಹಾಗೇ ಇದೆ, ಆದರೆ ಬೆನ್ನು ಒಂದರಲ್ಲಿ ಕಡುಗಪ್ಪು, ಪಕ್ಕದ್ದರಲ್ಲಿ ಕೆಂಗಂದು, ನಡುವಿನ ಛಾಯೆಗಳು ಬೇಕಾದಷ್ಟು. ಶ್ರೀಲಂಕಾದಲ್ಲೂ ಅಂಥವೇ ಸಿಕ್ಕವು. 2005ರಲ್ಲಿ ಡ್ರೂ, ಸುರುತಾ, ವೈಟ್ ಮೂವರೂ ಸೇರಿ ಅದಕ್ಕೆ ಇನ್ವೇಡೆನ್ಸ್ ಅಂತ ಹೊಸ ಹೆಸರು ಕೊಟ್ಟರು. ಮೂವರೂ ಈ ವಿದ್ಯೆಯಲ್ಲಿ ಪಳಗಿದವರು, ಕಣ್ಣು ಚುರುಕಾಗಿದ್ದವರೇ. ಹೊಸ ಹೆಸರು ಬಂದ ಮೇಲೆ ಅದು ಹೊಸ ಪಿಡುಗಾಗಿ ಎಣಿಕೆಗೆ ಬಂತು, ಕ್ವಾರಂಟೈನ್ ಪಟ್ಟಿಗಳಲ್ಲಿ ಸೇರಿತು. ಆಮೇಲೆ ಹಲವು ದೇಶದವರು ಕೂತು ಆಕಾರ ಅಳೆದರು, ಡಿಎನ್‌ಎ ನೋಡಿದರು, ಎರಡರ ಗಂಡು ಹೆಣ್ಣುಗಳನ್ನು ಕೂಡಿಸಿ ಮರಿ ಮಾಡಿಸಿದರು. 2015ರಲ್ಲಿ ತೀರ್ಮಾನ ಹೊರಬಂತು: ಇನ್ವೇಡೆನ್ಸ್ ಬೇರೆಯಲ್ಲ, ಡಾರ್ಸಾಲಿಸ್ಸೇ. ಆಗ್ನೇಯ ಏಷ್ಯಾದ ಪಪಾಯೇ ಅನ್ನುವ ಜಾತಿಯೂ ಅದರೊಳಗೇ ಕರಗಿತು. ಆದರೆ ಕ್ಯಾರಂಬೋಲೇ ಅನ್ನುವುದು ಬೇರೆಯಾಗಿಯೇ ಉಳಿಯಿತು. ಎಲ್ಲವೂ ಒಂದೇ ಅನ್ನುವುದೂ ಉತ್ತರವಲ್ಲ, ನೋಡು.

ಬಣ್ಣ ಕೆಡಲು ಜಾತಿಯೇ ಬೇರೆಯಾಗಬೇಕಿಲ್ಲ, ನೀನು ಅವಸರ ಮಾಡಿದರೂ ಸಾಕು. ಕೋಶದಿಂದ ಆಗಷ್ಟೇ ಹೊರಬಂದ ನೊಣ ಪೇಲವವಾಗಿರುತ್ತದೆ, ಮೈ ಮೆತ್ತಗಿರುತ್ತದೆ. ಆಗಲೇ ಸಾಯಿಸಿ ಒಣಗಿಸಿದರೆ ಸುರುಟಿಕೊಂಡು, ಡಾರ್ಸಾಲಿಸ್ ಕೂಡ ಕೆಂಪಗೆ ಕಾಣುತ್ತದೆ. ಸಕ್ಕರೆ, ನೀರು ಕೊಟ್ಟು ನಾಲ್ಕೈದು ದಿನ ಬದುಕಲು ಬಿಡು, ಬಣ್ಣ ಕೂರುತ್ತದೆ, ಆಮೇಲೆ ಫ್ರೀಜರಿನಲ್ಲಿಡು. ಇದಕ್ಕೆ ತಿರುವುಮುರುವಾದದ್ದು ಬಲೆಯ ನೊಣ. ವಾರಗಟ್ಟಲೆ ಬಲೆಯಲ್ಲೇ ಬಿದ್ದಿದ್ದರೆ ಮಳೆಯ ತೇವಕ್ಕೆ ಕೊಳೆತು ಎಲ್ಲ ಕಪ್ಪಾಗುತ್ತವೆ, ಇರುವೆ ಹೊಟ್ಟೆ ತಿಂದಿರುತ್ತದೆ, ರೆಕ್ಕೆ ಅಂಟಿಕೊಂಡಿರುತ್ತವೆ. ಅಂಥ ರಾಶಿಯನ್ನು ಎಣಿಸಬಹುದು, ಹೆಸರಿಡಲಾಗದು. ಗುರುತಿಗೆ ಬೇಕಾದ ಬಲೆಯನ್ನು ವಾರಕ್ಕೊಮ್ಮೆಯಾದರೂ ಖಾಲಿ ಮಾಡು. ಆಲ್ಕೋಹಾಲಿನ ಸೀಸೆಯಲ್ಲಿ ಬಹಳ ದಿನ ಇಟ್ಟರೆ ಹಳದಿ ಮಾಸುತ್ತದೆ, ಆದ್ದರಿಂದ ಕೆಲವನ್ನು ಸೂಜಿಗೇರಿಸಿ ಒಣಗಿಸಿಡಬೇಕು. ಸೂಜಿ ನಡುಬೆನ್ನಿಗೆ ಚುಚ್ಚಬೇಡ. ನಡುವಿನ ಹಳದಿ ಪಟ್ಟಿ ಇದೆಯೋ ಇಲ್ಲವೋ ನೋಡಬೇಕಾದ ಜಾಗವೇ ಅದು, ಬಲಕ್ಕೆ ಸ್ವಲ್ಪ ಸರಿಸಿ ಚುಚ್ಚು.

ಇನ್ನು ಹೆಣ್ಣು ನೊಣ. ಮೀಥೈಲ್ ಯೂಜಿನಾಲ್ ಬಲೆಯಲ್ಲಿ ಹೆಣ್ಣು ಹುಡುಕಬೇಡ, ಬರುವುದು ಗಂಡುಗಳೇ. ಕಾಯಿ ಹಾಳು ಮಾಡುವುದು ಮಾತ್ರ ಹೆಣ್ಣು. ಹಾಗಾಗಿ ಬಲೆಯಲ್ಲಿ ಯಾವ ಜಾತಿ ಹೆಚ್ಚು ಬಿತ್ತೋ ಕಾಯಿಗೂ ಅದೇ ಹೊಡೆದಿದೆ ಅಂತ ಬರೆಯಬಾರದು. ಉದುರಿದ ಕಾಯಿ ತಂದು ಮರಳು ಹಾಕಿದ ಡಬ್ಬಿಯಲ್ಲಿಡು. ಬಲಿತ ಹುಳುಗಳು ಮೈ ಬಿಲ್ಲಿನಂತೆ ಬಾಗಿಸಿ ಪಟಕ್ಕನೆ ನೆಗೆಯುತ್ತವೆ, ಮರಳಿಗೆ ಇಳಿದು ಕೋಶವಾಗುತ್ತವೆ. ಅಲ್ಲಿಂದ ಹೊರಬರುವ ನೊಣ ಹೇಳುತ್ತದೆ ಕಾಯಿಗೆ ಹೊಡೆದದ್ದು ಯಾರು ಅಂತ. ಬಾದಾಮಿ, ರಸಪುರಿ ತಳಿಗಳ ಹೊತ್ತಿಗೆ ಇಂಥ ಕಾಯಿ ಅಷ್ಟಾಗಿ ಸಿಗುವುದಿಲ್ಲ, ಮಳೆ ಬಿದ್ದ ಮೇಲೆ ಮಾಗುವ ನೀಲಂ, ಮಲ್ಲಿಕಾದಲ್ಲಿ ಡಬ್ಬಿ ಸಾಲದಷ್ಟು ಸಿಗುತ್ತದೆ.

ರಫ್ತು ಹಣ್ಣಿನ ಪ್ಯಾಕ್‌ಹೌಸಿನಲ್ಲಿ ನಿನಗೆ ಒತ್ತಡ ಬರುವುದು ಈ ಹುಳುವಿನ ವಿಷಯದಲ್ಲೇ. ಹಣ್ಣು ಕೊಯ್ದು ನೋಡುತ್ತಾರೆ, ಒಳಗೆ ಬಿಳಿ ಹುಳು ಕಾಣುತ್ತದೆ, "ಮೇಡಂ, ಯಾವ ಜಾತಿ ಬರೀರಿ, ಲಾರಿ ನಿಂತಿದೆ" ಅನ್ನುತ್ತಾರೆ. ಹುಳುವಿನ ಮೇಲೆ ರೆಕ್ಕೆಯೂ ಇಲ್ಲ, ಮುಖದ ಚುಕ್ಕೆಯೂ ಇಲ್ಲ. ಪೂರ್ತಿ ಬಲಿತ ಹುಳುವಿನ ಬಾಯಿಯ ಕೊಕ್ಕೆ, ಉಸಿರುರಂಧ್ರ ನೋಡಿ ಹೇಳುವವರು ಇದ್ದಾರೆ, ಅದು ಬೇರೆ ವಿದ್ಯೆ, ದೊಡ್ಡ ಮೈಕ್ರೋಸ್ಕೋಪಿನ ಕೆಲಸ. ನೀನು "ಹಣ್ಣಿನ ನೊಣದ ಹುಳು" ಅಂತ ಬರೆದು ಸಹಿ ಹಾಕು. ಅದರ ಮುಂದೆ ಒಂದಕ್ಷರವೂ ಸೇರಿಸಬೇಡ. ಲಾರಿ ನಿಲ್ಲಿಸಲು ಅಷ್ಟೇ ಸಾಕು. 2014ರ ಮೇ ತಿಂಗಳಿಂದ ಯುರೋಪ್ ಒಕ್ಕೂಟ ನಮ್ಮ ಮಾವನ್ನೂ, ಅದರ ಜೊತೆ ಬದನೆ, ಹಾಗಲ, ಪಡವಲ, ಕೆಸುವನ್ನೂ ನಿಲ್ಲಿಸಿತ್ತಲ್ಲ, ಮಾವಿನ ಮಟ್ಟಿಗೆ ಕಾರಣ ಪೆಟ್ಟಿಗೆಗಳಲ್ಲಿ ಕಂಡ ಇಂಥ ಹುಳುಗಳೇ. ಮಾವಿಗೆ ಬಾಗಿಲು ಮತ್ತೆ ತೆರೆದದ್ದು 2015ರ ಆರಂಭದಲ್ಲಿ. ಈಗ ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಡುತ್ತಾರಲ್ಲ, ಆ ನೀರು ಜಾತಿ ಕೇಳುವುದಿಲ್ಲ.

ರೈತರಿಗೂ ಜಾತಿ ಬೇಕಿಲ್ಲ. ಬಲೆ ಒಂದೇ, ಉದುರಿದ ಕಾಯಿ ಆರಿಸಿ ಆಳವಾಗಿ ಹೂಳುವುದು ಒಂದೇ, ಮರದ ಬುಡ ಉಳುಮೆ ಮಾಡಿ ಕೋಶಗಳನ್ನು ಬಿಸಿಲಿಗೆ ತೆಗೆಯುವುದು ಒಂದೇ. ತೋಟಕ್ಕೆ ಹೋಗಿ ಲ್ಯಾಟಿನ್ ಹೆಸರು ಹೇಳಿ ಅವರನ್ನು ಬೆರಗುಗೊಳಿಸುವ ಅಧಿಕಾರಿಗಳನ್ನು ನಾನು ಕಂಡಿದ್ದೇನೆ, ನೀನು ಅವರ ಸಾಲಿಗೆ ಸೇರಬೇಡ. ಹೆಸರು ಬೇಕಾದದ್ದು ಬೇರೆ ಕಡೆ. ಒಂದು ಜಾತಿ ಯಾವ ದೇಶದಲ್ಲಿದೆ, ಎಲ್ಲಿ ಇಲ್ಲ, ಯಾವ ಹಣ್ಣಿಗೆ ಹೋಗುತ್ತದೆ, ಯಾವ ಪರೋಪಜೀವಿ ಕಣಜ ಅದರ ಮೊಟ್ಟೆ ಹುಡುಕುತ್ತದೆ, ಇದೆಲ್ಲ ನಿಂತಿರುವುದು ಹೆಸರಿನ ಮೇಲೆ. ಅಲ್ಲಿ ಹೆಸರು ತಪ್ಪಿದರೆ ಉಳಿದ ಲೆಕ್ಕವೂ ತಪ್ಪುತ್ತದೆ.

ಕಣ್ಣಿಗೆ ಎಟುಕದ ಜೋಡಿಗಳೂ ಇವೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೋ. ಡ್ರಾಸೊಫಿಲಾ ಮೆಲನೊಗ್ಯಾಸ್ಟರ್ ಜೊತೆ ಬೆರೆತುಹೋಗಿದ್ದ ಸಿಮುಲಾನ್ಸ್ ಅನ್ನು ಸ್ಟರ್ಟೆವೆಂಟ್ ಬೇರೆ ಮಾಡಿದ್ದು 1919ರಲ್ಲಿ. ಅವುಗಳ ಗಂಡುಗಳನ್ನು ಜನನಾಂಗದ ಕಮಾನು ನೋಡಿ ಹೇಳಬಹುದು, ಹೆಣ್ಣುಗಳನ್ನು ಹೇಳುವುದು ಬಲು ಕಷ್ಟ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವರ್ಷಾನುಗಟ್ಟಲೆ ಅಧ್ಯಯನ ಮಾಡಿದ ನಸೂಟಾ, ಆಲ್ಬೊಮಿಕಾನ್ಸ್ ಅನ್ನುವ ಡ್ರಾಸೊಫಿಲಾ ಜೋಡಿ ಇನ್ನೂ ಗಡುಸು. ಹೊರಗೆ ನೋಡಿದರೆ ಒಂದೇ, ಒಳಗೆ ಒಂದಕ್ಕೆ 8 ಕ್ರೋಮೋಸೋಮ್, ಇನ್ನೊಂದಕ್ಕೆ 6. ಡಾರ್ಸಾಲಿಸ್ ಗುಂಪಿನದೂ ಸಣ್ಣ ಸಂಸಾರವಲ್ಲ. 1994ರಲ್ಲಿ ಡ್ರೂ ಮತ್ತು ಹ್ಯಾನ್‌ಕಾಕ್ ಏಷ್ಯಾದ ಈ ಗುಂಪಿನಲ್ಲಿ 52 ಜಾತಿ ಪಟ್ಟಿ ಮಾಡಿದರು, ಅದರಲ್ಲಿ 40 ಅಲ್ಲಿಯವರೆಗೆ ಹೆಸರೇ ಇಲ್ಲದವು. ರೆಕ್ಕೆ, ಮುಖ, ತೊಡೆ ಮೂರೂ ಒಂದೇ ಮಾತು ಹೇಳಿದಾಗ ಹೆಸರು ಬರಿ. ಒಂದು ಬೇರೆ ಹೇಳಿದರೂ "ಡಾರ್ಸಾಲಿಸ್ ಗುಂಪು" ಅಂತ ಬರೆದು ಪಕ್ಕಕ್ಕಿಡು. ಮೇಲಿನವರು ಮುಖ ಸಿಂಡರಿಸಬಹುದು, ಸಿಂಡರಿಸಲಿ.

ಪಕ್ಕಕ್ಕಿಟ್ಟದ್ದನ್ನು ಎಸೆಯಬೇಡ. ಒಂದು ಕಾಲು ಕಿತ್ತು ಶುದ್ಧ ಆಲ್ಕೋಹಾಲಿನ ಪುಟ್ಟ ಟ್ಯೂಬಿಗೆ ಹಾಕಿಡು, ಡಿಎನ್‌ಎ ನೋಡುವವರಿಗೆ ಅಷ್ಟು ಸಾಕಾಗುತ್ತದೆ. ಆದರೆ ಎಡಗಾಲು ಬಲಗಾಲು ಎರಡನ್ನೂ ಕಿತ್ತು ತೊಡೆಯ ಕಲೆಯ ಸಾಕ್ಷಿಯನ್ನೇ ಕಳೆಯಬೇಡ. ಉಳಿದ ಮೈಯನ್ನು ಸೂಜಿಗೇರಿಸು. ಕೆಳಗೆ ಚೀಟಿ ಇರಲಿ: ಊರು, ತಾಲ್ಲೂಕು, ತಾರೀಖು, ಬಲೆಯದೋ ಹಣ್ಣಿನದೋ, ಹಣ್ಣಾದರೆ ಯಾವ ತಳಿ, ಹಿಡಿದವರು ಯಾರು. ಪೆನ್ಸಿಲ್ಲಿನಲ್ಲಿ ಬರಿ, ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿಗೆ ಕರಗುತ್ತದೆ. ಚೀಟಿ ಇಲ್ಲದ ನೊಣಕ್ಕೆ ಎಂಥ ಪಂಡಿತರು ಹೆಸರಿಟ್ಟರೂ ಅದರಿಂದ ಯಾರಿಗೂ ಉಪಯೋಗವಿಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ, ಕೀಟಗಳ ದೊಡ್ಡ ಸಂಗ್ರಹ ಇದೆ, ಸಂಶಯ ಬಂದದ್ದನ್ನು ಹೆಸರಿಟ್ಟ ಮಾದರಿಗಳ ಪಕ್ಕ ಇಟ್ಟು ನೋಡಲು ಅದಕ್ಕಿಂತ ಹತ್ತಿರದ ಜಾಗ ನಿನಗೆ ಇನ್ನೊಂದಿಲ್ಲ. ಈ ವರ್ಷ ಮಳೆ ಹಿಡಿದು ಬಲೆಗಳು ತುಂಬುವಾಗ, ತೊಡೆಯಲ್ಲಿ ಕಪ್ಪು ಕಲೆ ಇರುವ ಗಂಡುಗಳನ್ನು ಬೇರೆ ಡಬ್ಬಿಗೆ ಹಾಕುತ್ತಾ ಹೋಗು. ನಮ್ಮ ಕೋಲಾರದ ತೋಟಗಳಲ್ಲಿ ಕ್ಯಾರಿಯೇ ಎಷ್ಟಿದೆ, ಯಾವ ತಿಂಗಳು ಏರುತ್ತದೆ ಅನ್ನುವ ಲೆಕ್ಕ ನನಗೂ ಬೇಕು. ಡಬ್ಬಿ ತುಂಬಿದಾಗ ಬಸ್ಸಿನಲ್ಲಿ ಕಳಿಸು, ಚೀಟಿ ಒಳಗಿರಲಿ.